ಸ್ಫಟಿಕ ಸರೋವರದ ದಡದಲ್ಲಿ ಸಮಿತ್ರ ವಿಹಾರ: ಒಂದು ಮೀಮಾಂಸೆ

ಒಂದು ಅಧಿಕರಣವೆಂದ ಮೇಲೆ ಅದಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿರಬೇಕೆಂಬುದು ಮೀಮಾಂಸಕರ ಕಟ್ಟಳೆ. ಪ್ರಸ್ತುತ ಅಧಿಕರಣದ ವಿಷಯ: ಮೈಸೂರಿನ ನಾಲ್ವರು ಸ್ನೇಹಿತರು ಡಿಸೆಂಬರಿನ ಒಂದು ಶನಿವಾರ ತಿ. ನರಸೀಪುರಕ್ಕೆ ಹೋಗಿ ಭಾನುವಾರ ಸಂಜೆ ವಾಪಸಾದದ್ದು. ಸಂಶಯ: ಅವರು ಹೋದದ್ದು ಸರೋವರದ ದಡಕ್ಕೆ ಹೌದೋ ಅಲ್ಲವೋ. ಇದೇನು ಮಹಾ ಎಂದು ಓದುಗರು ಮೂಗು ಮುರಿಯಬಾರದು. ನಾಲ್ವರಲ್ಲಿ ಒಬ್ಬ ರೂಮಿನ ಬಾಬ್ತು ತನ್ನ ಪಾಲನ್ನು ಕೊಡದೆ, ‘ಕೆರೆ ತೋರಿಸಿದ ದಿನ ಕೊಡ್ತೀನಿ’ ಎಂದು ಪಟ್ಟು ಹಿಡಿದು ಕೂತಿದ್ದ. ಶಾಸ್ತ್ರಕ್ಕೆ ಪ್ರಯೋಜನವಿರಬೇಕೆನ್ನುವವರಿಗೆ ಇಷ್ಟು ಸಾಕು.

ವ್ಯಾಜ್ಯದ ಮೂಲಪಾಠ ವಾಟ್ಸಾಪಿನಲ್ಲಿ ಸುರಕ್ಷಿತವಾಗಿದೆ: ‘ಲೇಕ್ ಸೈಡ್ ಸ್ಟೇ ಮಗಾ. ಎರಡು ದಿನ. ಬೆಳಗ್ಗೆ ಆರಕ್ಕೆ ಶಾರ್ಪ್.’ ಇದರ ಕರ್ತೃವನ್ನು ಮುಂದೆ ಆಯೋಜಕನೆಂದು ಕರೆಯಲಾಗುವುದು. ಅದೇ ಗುಂಪಿನಲ್ಲಿ ಮೇಲಕ್ಕೆ ಸರಿಸುತ್ತಾ ಹೋದರೆ ಇನ್ನೂ ಹಳೆಯ ಪಾಠಗಳು ಸಿಗುತ್ತವೆ. ಆದಿಪಾಠದಲ್ಲಿ ಸರೋವರವೆಂದರೆ ಶ್ರೀನಗರದ ದಾಲ್. ವಿಮಾನದ ಟಿಕೆಟ್ ದರ ತಿಳಿದ ಸಂಜೆ ಅದು ಊಟಿ ಕೆರೆಯಾಯಿತು. ಊಟಿಗೆ ಇ-ಪಾಸ್ ಮಾಡಿಸಬೇಕು, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕುತ್ತಾರೆ ಎಂಬ ವಿಚಾರ ಬಂದ ಮೇಲೆ ಕಾರಂಜಿ ಕೆರೆಯ ಹೆಸರು ಬಂತು. ‘ಅಲ್ಲಿಗೆ ನಮ್ಮಪ್ಪ ದಿನಾ ವಾಕಿಂಗ್ ಬರ್ತಾರೆ’ ಎಂದು ಒಬ್ಬ ಅಂದದ್ದೇ ಅದೂ ಬಿದ್ದುಹೋಯಿತು. ಕೊನೆಗೆ ಉಳಿದದ್ದು ತಿರುಮಕೂಡಲು ನರಸೀಪುರ. ಹೀಗೆ ಪ್ರವಾಸವು ಮನೆಯ ಕಡೆಗೆ ಮುದುಡಿಕೊಳ್ಳುತ್ತಾ ಬರುವುದನ್ನು ಸಂಕೋಚನ್ಯಾಯ ಎನ್ನುತ್ತೇವೆ.

ಈ ನ್ಯಾಯ ನಮ್ಮ ಗುಂಪಿನ ಸ್ವಂತ ಆವಿಷ್ಕಾರವಲ್ಲ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಸ್ಥಳಪುರಾಣವೇ ಇದಕ್ಕೆ ಆಧಾರ. ಮಡಿವಾಳನೊಬ್ಬನ ಕನಸಿನಲ್ಲಿ ಸ್ವಾಮಿ ಬಂದು ತನಗೊಂದು ಗುಡಿ ಕಟ್ಟಿಸೆಂದ. ಮಡಿವಾಳನಿಗೆ ಕಾಶಿಗೆ ಹೋಗುವ ಆಸೆ. ಕಾಶಿಯ ಗೊಡವೆ ಯಾಕೆ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಎಂದು ಸ್ವಾಮಿ ಸಮಾಧಾನ ಹೇಳಿದ. ಅದಕ್ಕೆ ಸಾಕ್ಷಿಯಾಗಿ ಮೂರ್ತಿಯ ಬೆರಳುಗಳ ನಡುವೆ ಗುಲಗಂಜಿಯನ್ನು ಇಂದಿಗೂ ತೋರಿಸುತ್ತಾರೆ. ಕಾಶಿಯ ಪ್ಲಾನು ನರಸೀಪುರದಲ್ಲೇ ಮುಗಿಯಿತು. ಗುಲಗಂಜಿಯೆಂದರೆ ಅಕ್ಕಸಾಲಿಗರ ತಕ್ಕಡಿಯಲ್ಲಿ ಸುಮಾರು 120 ಮಿಲಿಗ್ರಾಂ. ಅಷ್ಟೇ ಅಂತರಕ್ಕೆ ಗಂಗೆಯ ದಡ ತಪ್ಪಿತೆಂದರೆ, ವಿಮಾನದ ಟಿಕೆಟ್ಟಿನ ಅಂತರಕ್ಕೆ ದಾಲ್ ಸರೋವರ ತಪ್ಪಿದ್ದರಲ್ಲಿ ಅಶಾಸ್ತ್ರೀಯವಾದದ್ದೇನೂ ಇಲ್ಲ.

ಇನ್ನು ‘ಆರಕ್ಕೆ ಶಾರ್ಪ್’ ಎಂಬ ವಿಧಿವಾಕ್ಯ. ಆರು ಗಂಟೆಗೆ ಮೂವರು ಗಾಡಿ ಹತ್ತಿ ಕೂತರು. ನಾಲ್ಕನೆಯವನಿಗೆ ಫೋನು ಹೋಯಿತು.

‘ಎಲ್ಲಿದೀಯೋ?’

‘ಬಂದೇ ಕಣೋ, ರಿಂಗ್ ರೋಡ್ ದಾಟ್ತಿದೀನಿ.’

ಹಿಂದೆ ಬಕೆಟ್ಟಿಗೆ ನಲ್ಲಿ ನೀರು ಬೀಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಆಮೇಲೆ ಚೊಂಬಿನ ಸದ್ದೂ ಕೇಳಿತು. ಮೈಸೂರಿನ ರಿಂಗ್ ರೋಡಿನಲ್ಲಿ ಅಂಥ ಜಲಧಾರೆ ಇರುವುದಾಗಿ ಯಾವ ಭೂಗೋಳದಲ್ಲೂ ದಾಖಲಾಗಿಲ್ಲ.

ಇಲ್ಲೂ ಪೂರ್ವಿಕರ ದೃಷ್ಟಾಂತವೇ ದಾರಿ ತೋರಿಸುತ್ತದೆ. ನರಸೀಪುರದ ಸಂಗಮದಲ್ಲಿ ಲಿಂಗ ಪ್ರತಿಷ್ಠೆ ಮಾಡಲು ಅಗಸ್ತ್ಯರು ಹನುಮಂತನನ್ನು ಕಾಶಿಗೆ ಕಳಿಸಿದರು. ಮುಹೂರ್ತ ಬಂತು, ಹನುಮಂತ ಬರಲಿಲ್ಲ. ಋಷಿಗಳು ಕಾಯಲಿಲ್ಲ, ನದಿಯ ಮರಳನ್ನೇ ಲಿಂಗ ಮಾಡಿ ಪ್ರತಿಷ್ಠೆ ಮುಗಿಸಿದರು. ಅದೇ ಅಗಸ್ತ್ಯೇಶ್ವರ. ಹೊತ್ತು ಮೀರಿ ಬಂದ ಹನುಮಂತ ಸಿಟ್ಟಿನಿಂದ ಆ ಲಿಂಗಕ್ಕೇ ಕೈ ಹಾಕಿದನಂತೆ. ನೆತ್ತಿಯ ಮೇಲಿನ ಗುಳಿಯನ್ನೂ ಅದರಲ್ಲಿ ಜಿನುಗುವ ನೀರನ್ನೂ ಭಕ್ತರಿಗೆ ತೋರಿಸುತ್ತಾರೆ. ಅವನು ತಂದ ಲಿಂಗಕ್ಕೂ ಬೇರೆ ಜಾಗ ಸಿಕ್ಕಿತು. ಇದರಿಂದ ಎರಡು ನಿಯಮಗಳು ಹುಟ್ಟುತ್ತವೆ. ತಡವಾಗಿ ಬಂದವನೇ ಮೊದಲು ರೇಗುತ್ತಾನೆ. ಅವನು ಏನೇ ತಂದಿದ್ದರೂ ಅದಕ್ಕೊಂದು ಜಾಗ ಕೊಡಲೇಬೇಕು. ನಮ್ಮ ಹನುಮಂತ ‘ನಾನ್ ಬರೋ ತನಕ ಒಂದು ಟೀ ಕುಡಿಯೋಕಾಗ್ಲಿಲ್ವಾ ನಿಮಗೆ’ ಎಂದು ರೇಗುತ್ತಲೇ ಗಾಡಿ ಹತ್ತಿದ. ತಂದದ್ದು ಒಂದು ಬ್ಲೂಟೂತ್ ಸ್ಪೀಕರು, ಚಾರ್ಜರು ಮನೆಯಲ್ಲಿ. ಹಾಡದ ಆ ಸ್ಪೀಕರನ್ನು ಡ್ಯಾಶ್‌ಬೋರ್ಡಿನ ಮೇಲೆ ಪ್ರತಿಷ್ಠಾಪಿಸಿ ಹೊರಟೆವು.

ಮೈಸೂರಿನಿಂದ ನರಸೀಪುರ ಆಗ್ನೇಯಕ್ಕೆ, ನಂಜನಗೂಡು ದಕ್ಷಿಣಕ್ಕೆ. ಆದರೂ ಗಾಡಿ ನಂಜನಗೂಡಿನ ಕಡೆಗೆ ತಿರುಗಿತು. ಕಾರಣ, ಸಾರಥಿಯ ತಾಯಿ ಬಾಗಿಲಲ್ಲಿ ನಿಂತು, ‘ಹಂಗೇ ನಂಜುಂಡೇಶ್ವರಂಗೆ ಒಂದು ಕಾಯಿ ಒಡೆಸ್ಕೊಂಡು ಬನ್ನಿ ಕಣ್ರಪ್ಪ, ದಾರೀಲೇ ತಾನೆ’ ಎಂದಿದ್ದರು. ತಾಯಿಯ ಮಾತಿಗೂ ಗೂಗಲ್ ಮ್ಯಾಪಿಗೂ ವಿರೋಧ ಬಂದಲ್ಲಿ ತಾಯಿಯ ಮಾತೇ ಬಲವತ್ತರ. ಕಾರು ಅವರ ಯಜಮಾನರ ಹೆಸರಿನಲ್ಲಿದ್ದಾಗ ಈ ಬಲ ಇಮ್ಮಡಿಸುತ್ತದೆ.

ಊರು ಸೇರುವ ಮುನ್ನ ಕಪಿಲೆಗೆ ಅಡ್ಡಲಾಗಿ ಹಳೆಯ ದಳವಾಯಿ ಸೇತುವೆ. ಕಟ್ಟಿದ್ದು 1735ರಲ್ಲಿ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಬಂದ ರೈಲು ಈ ಕಲ್ಲಿನ ಸೇತುವೆಯ ಮೇಲೇ ಓಡಿತು, ಪಕ್ಕದಲ್ಲೇ ರಸ್ತೆಯ ಗಾಡಿಗಳೂ ಓಡಿದವು. ಅಂದರೆ ಈ ಸೇತುವೆ ರೈಲಿಗಾಗಿ ಕಾದದ್ದು ಒಂದೂವರೆ ಶತಮಾನಕ್ಕೂ ಹೆಚ್ಚು. ಹನುಮಂತ ಇದನ್ನು ಬೆರಳು ಮಾಡಿ ತೋರಿಸಿ, ‘ನೋಡ್ರೋ, ಇದಪ್ಪ ತಾಳ್ಮೆ ಅಂದ್ರೆ’ ಎಂದ.

ದೇವಸ್ಥಾನದ ವಿಚಾರ ಇಲ್ಲಿ ವಿಸ್ತರಿಸುವುದಿಲ್ಲ. ಏಳು ನೆಲೆಯ ಗೋಪುರದ ಕೆಳಗೆ ನಿಂತರೆ ವಾದ ಮಾಡುವ ಬಾಯಿ ತಾನಾಗಿ ಮುಚ್ಚುತ್ತದೆ. ಟಿಪ್ಪು ಸುಲ್ತಾನನ ಪಟ್ಟದ ಆನೆಯ ಕಣ್ಣು ವಾಸಿ ಮಾಡಿ ‘ಹಕೀಮ ನಂಜುಂಡ’ ಎಂಬ ಬಿರುದು ಪಡೆದನೆಂದು ಹೇಳಲಾಗುವ ದೇವರು ಇವನು. ಆನೆಯ ಕಣ್ಣು ನೋಡಿದವನು ನಮ್ಮ ಹಲ್ಲನ್ನು ನೋಡದಿರುತ್ತಾನೆಯೇ? ಹನುಮಂತ ಬ್ರಷ್ಷನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದ. ಬ್ರಷ್ ಮರೆಯಲು ಭೂಮಂಡಲದಲ್ಲಿ ನಂಜನಗೂಡಿಗಿಂತ ಪ್ರಶಸ್ತವಾದ ಊರಿಲ್ಲ. ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾದದ್ದು 1913ರಲ್ಲಿ. ಅಲ್ಲಿಂದ ಹೊರಟ ನಸುಗೆಂಪು ಹಲ್ಲುಪುಡಿ ನಾಡಿನ ಮನೆಮನೆಯ ಬಚ್ಚಲಿನಲ್ಲೂ ಇತ್ತು. ಅಂಗಡಿಯಲ್ಲಿ ಪೊಟ್ಟಣ ಕೊಂಡು ನದಿಯ ಮೆಟ್ಟಿಲ ಮೇಲೆ ಕೂತು ಹನುಮಂತ ಮಾಡಿದ ದಂತಧಾವನ ವಿಧಿ ಹೀಗಿದೆ: ಎಡ ಅಂಗೈಯ ಹಳ್ಳದಲ್ಲಿ ಪುಡಿ, ಬಲದ ತೋರುಬೆರಳು ಒದ್ದೆ, ಮೊದಲು ಬಾಗಿಲ ಹಲ್ಲು, ಆಮೇಲೆ ದವಡೆ. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರಕ್ಕೆ ಬದಲು ಕೆಂಪು ಧೂಳು. ಆಯೋಜಕ ಬೇಕೆಂದೇ ಮಾತಾಡಿಸಿದ. ಹನುಮಂತನ ಬಿಳಿ ಟೀ ಶರ್ಟು ಭಾನುವಾರ ಸಂಜೆಯವರೆಗೆ ಅದರ ದಾಖಲೆಯಾಗಿ ಉಳಿಯಿತು.

ರಸಬಾಳೆಯ ಪ್ರಶ್ನೆ ಇದಕ್ಕಿಂತ ಜಟಿಲ. ಭೌಗೋಳಿಕ ಮಾನ್ಯತೆ ಪಡೆದ ಹಣ್ಣು ಅದು. ಆದರೆ ಪನಾಮಾ ಸೊರಗು ರೋಗ ಬಡಿದು ತೋಟಗಳು ಬರಿದಾದ ಮೇಲೆ ಅಸಲಿ ಹಣ್ಣು ಸಿಗುವುದೇ ಅಪರೂಪ. ಹೀಗಿದ್ದೂ ರಸ್ತೆಬದಿಯಲ್ಲಿ ಪ್ರತಿ ಗೊನೆಯೂ ತನ್ನನ್ನು ರಸಬಾಳೆಯೆಂದೇ ಪರಿಚಯಿಸಿಕೊಳ್ಳುತ್ತದೆ. ಸಾರಥಿ ಒಂದು ಚಿಪ್ಪು ಕೊಂಡ. ‘ಅಸಲೀನಾ?’ ಎಂದು ಕೇಳಿದ್ದಕ್ಕೆ ಮಾರುವವಳು ಸಿಪ್ಪೆ ಸುಲಿದು ಅವನ ಕೈಗೇ ಕೊಟ್ಟು, ‘ತಿಂದ್ಮೇಲ ನೀವೇ ಯೋಳಿ ಸಾ’ ಎಂದಳು. ಅವನು ತಿಂದ. ಈ ಹಿಂದೆ ರಸಬಾಳೆ ತಿಂದು ಗೊತ್ತಿಲ್ಲದವನಾದ್ದರಿಂದ ಹೇಳಲು ಅವನಿಗೇನೂ ತೋಚಲಿಲ್ಲ. ಪ್ರತ್ಯಕ್ಷ ಪ್ರಮಾಣದ ಮಿತಿ ಇದು. ಮುಂದಿನ ವಾದಕ್ಕೆ ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಂಜನಗೂಡಿನಿಂದ ನರಸೀಪುರದ ಕಡೆಗೆ ಒಳದಾರಿ ಹಿಡಿದಾಗ ಹದಿನಾರು ಕೆರೆ ಎದುರಾಯಿತು. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಈ ಅಧಿಕರಣ ಇಲ್ಲಿಗೇ ಮುಗಿಯಬೇಕಿತ್ತು. ಅದು ನಿಜವಾದ ಕೆರೆ. ಅದರಲ್ಲಿ ನಿಜವಾದ ನೀರಿತ್ತು. ನೀರಿನ ಮೇಲೆ ಪಟ್ಟೆ ತಲೆ ಹೆಬ್ಬಾತುಗಳಿದ್ದವು. ಮಂಗೋಲಿಯಾದ ಕಡೆಯಿಂದ ಹಿಮಾಲಯದ ಮೇಲೆ ಹಾರಿ ಚಳಿಗಾಲಕ್ಕೆ ಇಲ್ಲಿಗೆ ಬರುವ ಹಕ್ಕಿಗಳು ಅವು. ಹಗಲು ಕೆರೆಯಲ್ಲಿ ತೂಕಡಿಸಿ, ರಾತ್ರಿ ಕೊಯ್ಲಾದ ಗದ್ದೆಗಳಲ್ಲಿ ಮೇಯುತ್ತವೆ. ವಾಟ್ಸಾಪ್ ಗುಂಪಿಲ್ಲದೆ, ಇ-ಪಾಸ್ ಇಲ್ಲದೆ, ಒಂದೂ ‘ಬಂದೇ ಕಣೋ’ ಎನ್ನದೆ ಇವು ವರ್ಷ ವರ್ಷ ಇಲ್ಲಿಗೆ ಬರುವುದು ಹೇಗೆಂಬುದರ ಬಗ್ಗೆ ಪಕ್ಷಿಶಾಸ್ತ್ರಜ್ಞರು ತಲೆ ಕೆಡಿಸಿಕೊಂಡರೆ ಆಶ್ಚರ್ಯವಿಲ್ಲ. ನಾವಂತೂ ಕೆಡಿಸಿಕೊಳ್ಳಲಿಲ್ಲ.

ಸ್ನೇಹವಿಹಾರದ ಚರಿತ್ರೆಯಲ್ಲಿ ಹದಿನಾರಿಗೆ ಇನ್ನೂ ದೊಡ್ಡ ಸ್ಥಾನವಿದೆ. ಐತಿಹ್ಯದ ಪ್ರಕಾರ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ದ್ವಾರಕೆಯ ಕಡೆಯಿಂದ ಸುತ್ತಾಡುತ್ತಾ ಮೈಸೂರಿಗೆ ಬಂದು ಕೆರೆಯ ಬಳಿ ಗುಡಿಯಲ್ಲಿ ತಂಗಿದ್ದರು. ಹದಿನಾಡಿನ, ಅಂದರೆ ಇದೇ ಹದಿನಾರಿನ, ರಾಜಕುಮಾರಿಗೆ ಕಾರುಗಹಳ್ಳಿಯ ಮಾರನಾಯಕನಿಂದ ಬಂದೊದಗಿದ ಸಂಕಟ ಅವರ ಕಿವಿಗೆ ಬಿತ್ತು. ಮಾರನಾಯಕನನ್ನು ಕೊಂದರು, ಯದುರಾಯ ಅವಳನ್ನು ಮದುವೆಯಾದ, 1399ರಲ್ಲಿ ಮೈಸೂರಿನ ಒಡೆಯರ ವಂಶ ಶುರುವಾಯಿತು. ಕೆರೆದಂಡೆಯಲ್ಲಿ ಒಂದೆರಡು ದಿನ ತಂಗಿ ಹೋಗೋಣವೆಂದು ಬಂದು, ನಡುವೆ ಹೈದರ್ ಮತ್ತು ಟಿಪ್ಪುವಿನ ಕಾಲ ಬಿಟ್ಟರೆ, 1947ರವರೆಗೆ ಉಳಿದುಕೊಂಡ ಬೇರೆ ಪ್ರವಾಸಿಗರು ನಮಗೆ ಗೊತ್ತಿಲ್ಲ. ರಜೆ ಮುಂದುವರಿಸಿದ್ದಕ್ಕೆ ಕೊಡಬಹುದಾದ ಕಾರಣಗಳಲ್ಲೂ ಇದೇ ಅತ್ಯುತ್ತಮ.

ಇಷ್ಟಾಗಿಯೂ ಹದಿನಾರು ಕೆರೆಯ ದಡದಲ್ಲಿ ಯಾರೂ ಇಳಿಯಲಿಲ್ಲ. ಬಿಸಿಲೇರಿತ್ತು, ಹಸಿವಾಗಿತ್ತು, ಹನುಮಂತ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಆಯೋಜಕ ಕಿಟಕಿಯಿಂದಲೇ ಒಂದು ಫೋಟೋ ತೆಗೆದ. ಅದರಲ್ಲಿ ಮುಕ್ಕಾಲು ಭಾಗ ಸಾರಥಿಯ ಮೊಣಕೈ.

ನರಸೀಪುರ ಸೇರಿ ರೂಮಿಗೆ ಚೀಲ ಎಸೆದು ಸಂಗಮಕ್ಕೆ ಬಂದಾಗ ಈ ಕಡೆ ಕಪಿಲೆ, ಆ ಕಡೆ ಕಾವೇರಿ. ಸಾರಥಿ ಸೊಂಟದ ಮೇಲೆ ಕೈಯಿಟ್ಟು ದಿಕ್ಕು ದಿಕ್ಕಿಗೂ ತಿರುಗಿ, ‘ಲೋ, ಕೆರೆ ಎಲ್ಲೋ?’ ಎಂದ. ಇಲ್ಲಿಂದ ಅವನು ಪೂರ್ವಪಕ್ಷಿ.

ಆಯೋಜಕನ ಉತ್ತರ ಸಿದ್ಧವಾಗಿತ್ತು. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರಿ ಇದು ತ್ರಿವೇಣಿ ಸಂಗಮ, ಮೂರನೆಯದು ಗುಪ್ತ. ಪಕ್ಕದಲ್ಲೇ ಹರಿಗೋಲಿನವನು ನಿಂತಿದ್ದ. ಅವನನ್ನು ಆಪ್ತವಾಕ್ಯಕ್ಕಾಗಿ ಕೇಳಲಾಯಿತು.

‘ಅಣ್ಣ, ಇಲ್ಲಿ ಸರೋವರ ಅದೆಯಾ?’

‘ಕೆಳಗ ಅದ ಕನ ಸಾ. ಕಣ್ಗ ಕಾಣಲ್ಲ. ಹತ್ತಿ, ಅದುಕ್ಕೇನು ಬ್ಯಾರೆ ಚಾರ್ಜಿಲ್ಲ.’

ಪೂರ್ವಪಕ್ಷಿ ಒಪ್ಪಲಿಲ್ಲ. ಆಗ ಆಯೋಜಕ ಅನುಮಾನ ಪ್ರಮಾಣವನ್ನು ಹೂಡಿದ. ಎಲ್ಲೆಲ್ಲಿ ಕುಂಭಮೇಳವೋ ಅಲ್ಲಲ್ಲಿ ತ್ರಿವೇಣಿ. ಇಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಿದೆ. ಆದ್ದರಿಂದ ಇಲ್ಲಿ ಮೂರು ನೀರು ಇರಲೇಬೇಕು, ಕಾಣುವುದು ಎರಡು, ಕಳೆದರೆ ಉಳಿದದ್ದೇ ಸರೋವರ. ಇದಕ್ಕೆ ಪೂರ್ವಪಕ್ಷಿ, ‘ಹರಿದ್ವಾರದಲ್ಲೂ ಕುಂಭಮೇಳ ಆಗುತ್ತೆ, ಅಲ್ಲಿ ಯಾವ ತ್ರಿವೇಣಿ?’ ಎಂದು ವ್ಯಾಪ್ತಿಯನ್ನೇ ಮುರಿದ. ಮೂರು ವರ್ಷಕ್ಕೊಮ್ಮೆ ಎಂಬುದನ್ನೂ ಅವನು ಬಿಡಲಿಲ್ಲ: 2019ರ ನಂತರದ ಮೇಳ ಕೊರೊನಾದಿಂದಾಗಿ ತಪ್ಪಿ, ನಡೆದದ್ದು 2025ರ ಫೆಬ್ರುವರಿಯಲ್ಲಿ. ಇದನ್ನು ಕೇಳಿ ಹನುಮಂತನ ಮುಖ ಅರಳಿತು. ‘ಕುಂಭಮೇಳಾನೇ ಮೂರು ವರ್ಷ ಲೇಟು, ನನಗೆ ಬಯ್ತೀರಾ’ ಎಂದು ಹೇಳಿ ಮರದ ನೆರಳಿಗೆ ಹೋಗಿ, ಸ್ಪೀಕರನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿಬಿಟ್ಟ.

ಅವನ ನಿದ್ರೆಯ ಪುರಾತನತ್ವದ ಬಗ್ಗೆ ಒಂದು ಮಾತು ಅಗತ್ಯ. ಇದೇ ಸಂಗಮದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು 1959ರಿಂದ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಇಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ತಲೆದಿಂಬುಗಳು ವಿದ್ವಾಂಸರ ಗಮನ ಸೆಳೆದಿವೆ. ಜಗತ್ತಿನ ಬೇರೆ ಬೇರೆ ಕಡೆ ಜನ ಅದೇ ಕಾಲದಲ್ಲಿ ಕೋಟೆ, ಲಿಪಿ, ಪಿರಮಿಡ್ಡು ಅಂತ ಒದ್ದಾಡುತ್ತಿದ್ದರು. ನಮ್ಮ ಕಾವೇರಿ ತೀರದವರು ತಲೆಗೆ ಏನಾದರೂ ಗಟ್ಟಿಯಾದದ್ದನ್ನು ಆನಿಸಿ ಮಲಗುವ ವ್ಯವಸ್ಥೆ ಮಾಡಿಕೊಂಡಿದ್ದರು. ಆ ಪರಂಪರೆಗೆ ಸೇರಿದ ಮೇಲೆ ಸ್ಪೀಕರೂ ಸಾರ್ಥಕವಾಯಿತು.

ಈಗ ಸಿದ್ಧಾಂತ. ಇದು ಈ ಲೇಖಕನದ್ದು.

ಈವರೆಗೆ ನಾಲ್ವರು ಎಂದೇ ಹೇಳುತ್ತಾ ಬಂದೆವು. ಗುಂಪಿನಲ್ಲಿ ಐವರಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಐದನೆಯವನು ಮೂಲಪಾಠಕ್ಕೆ ಎಲ್ಲರಿಗಿಂತ ಮೊದಲು ಹೆಬ್ಬೆರಳು ಒತ್ತಿ, ‘ನಾನಂತೂ ಪಕ್ಕಾ’ ಎಂದು ಬರೆದವನು. ರೂಮು ಹಿಡಿದದ್ದು ಐವರಿಗೆ. ಶುಕ್ರವಾರ ರಾತ್ರಿಯಿಂದ ಅವನ ಫೋನು ಗುಪ್ತಗಾಮಿನಿಯಾಯಿತು. ಇವನಿಗೆ ಸ್ಫಟಿಕನೆಂದೇ ಹೆಸರಿಟ್ಟೆವು. ಈಗ ಪೂರ್ವಪಕ್ಷಿಯ ನಡೆಯನ್ನು ಗಮನಿಸಿ. ರೂಮಿನ ದುಡ್ಡು ಕೊಡದ ಇವನೇ ಪೆಟ್ರೋಲಿನ ಲೆಕ್ಕವನ್ನು ಐದರಿಂದ ಭಾಗಿಸಿ ಗುಂಪಿಗೆ ಹಾಕಿದ್ದಾನೆ. ‘ಬರಲಿ ಬಿಡಲಿ, ಪಕ್ಕಾ ಅಂದ್ಮೇಲೆ ಅವನೂ ಇದಾನೆ ಅಂತಾನೇ ಲೆಕ್ಕ’ ಎಂಬುದು ಅವನ ಲಿಖಿತ ವಾಕ್ಯ.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ; ಇದನ್ನು ಮೀಮಾಂಸಕರು ಅರ್ಥಾಪತ್ತಿ ಎನ್ನುತ್ತಾರೆ. ಕಾಣದ ಸ್ಫಟಿಕ ಪೆಟ್ರೋಲಿನ ಲೆಕ್ಕಕ್ಕೆ ಇದ್ದಾನೆಂದರೆ, ಕಾಣದ ಸ್ಫಟಿಕ ಸರೋವರ ರೂಮಿನ ಲೆಕ್ಕಕ್ಕೆ ಇರಲೇಬೇಕು. ಸರೋವರವನ್ನು ಅಲ್ಲಗಳೆದರೆ ಪೆಟ್ರೋಲನ್ನು ನಾಲ್ಕರಿಂದ ಭಾಗಿಸಬೇಕಾಗುತ್ತದೆ, ಆಗ ಅವನ ಸ್ವಂತ ಪಾಲೇ ಏರುತ್ತದೆ. ಮೂಲಪಾಠದಲ್ಲಿರುವುದಾದರೂ ‘ಲೇಕ್ ಸೈಡ್’. ದಡದ ಭರವಸೆ ಕೊಟ್ಟಿದೆಯೇ ಹೊರತು ಕೆರೆ ಕಾಣಿಸುತ್ತದೆ ಎಂದು ಎಲ್ಲೂ ಹೇಳಿಲ್ಲ.

ಪೂರ್ವಪಕ್ಷಿ ಸೋತ. ಮಂಗಳವಾರ ಅವನ ಪಾಲು ಆಯೋಜಕನ ಫೋನ್‌ಪೇಗೆ ಜಮೆಯಾಯಿತು, ಆದರೆ ಪೂರ್ತಿಯಲ್ಲ. ನಂಜನಗೂಡಿನ ತೆಂಗಿನಕಾಯಿಯ ದುಡ್ಡನ್ನು ಅವನು ಮುರಿದುಕೊಂಡಿದ್ದ. ಎಲ್ಲರ ಹೆಸರಿನಲ್ಲಿ ಒಡೆಸಿದ ಕಾಯಿಯಾದ್ದರಿಂದ ಖರ್ಚೂ ಎಲ್ಲರದೆಂದು ಅವನ ವಾದ. ಒಡೆದ ಎರಡು ಹೋಳೂ ಅವನ ಮನೆಗೇ ಹೋಗಿ ಸೋಮವಾರ ಬೆಳಗ್ಗೆ ಚಟ್ನಿಯಾದವೆಂಬುದಕ್ಕೆ ಅವನ ತಾಯಿಯದೇ ಸಾಕ್ಷ್ಯವಿದೆ. ಚಟ್ನಿಯಾದ ಪ್ರಸಾದ ಪ್ರವಾಸದ ಖರ್ಚಿಗೆ ಸೇರುತ್ತದೆಯೇ ಎಂಬುದು ಮುಂದಿನ ಅಧಿಕರಣ. ಸಂಗತಿಯೆಂಬ ಐದನೆಯ ಅಂಗಕ್ಕೆ ಅದೇ ಸಲ್ಲುತ್ತದೆ.