ಇದೂ ಒಂದು ಚಳಿಯೇನ್ರೀ?

ಅವರ ನಿಜನಾಮಧೇಯ ಈಗ ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿದೆ. ಬರ್ಲಿಂಗ್ಟನ್ ಸುತ್ತಮುತ್ತಲ ಬೆರಳೆಣಿಕೆಯ ಕನ್ನಡಿಗರಿಗೆಲ್ಲ ಅವರು ಹಿಮರಾಯರು. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯಕ್ಕೆ, ಎಸೆಕ್ಸ್ ಜಂಕ್ಷನ್ನಿನ ಚಿಪ್ ಕಾರ್ಖಾನೆಯ ಕೆಲಸಕ್ಕೆಂದು ಬಂದವರು. ಪೇಟೆಯಲ್ಲೇ ಮನೆ ಸಿಗುತ್ತಿದ್ದರೂ ‘ಹಳ್ಳಿ ವಾತಾವರಣ’ ಬೇಕೆಂದು ಜೆರಿಕೊ ಊರಿನ ಹೊರಗೆ, ಡಾಂಬರು ಕಾಣದ ರಸ್ತೆಯ ತುದಿಯಲ್ಲಿ ಬೀಡುಬಿಟ್ಟರು. ಹುಟ್ಟಿ ಬೆಳೆದದ್ದು ಮೈಸೂರಿನ ಕುವೆಂಪುನಗರ. ಮಾರ್ಗಶಿರ ಬಂತೆಂದರೆ ಎರಡು ಹಂಡೆ ಬಿಸಿನೀರಿಲ್ಲದೆ ಬಚ್ಚಲಿಗೆ ಕಾಲಿಡದಿದ್ದ ಜೀವ. ಮೊದಲ ಚಳಿಗಾಲದಲ್ಲಿ ಅವರ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಮೂರನೆಯದು ಮುಗಿಯುವ ಹೊತ್ತಿಗೆ ಮಾತು ನಿಲ್ಲಿಸುವವರೇ ಇರಲಿಲ್ಲ.

ಇಂಥವರೊಬ್ಬರು ಟೊರಾಂಟೊದಲ್ಲೂ ಇದ್ದಾರೆ, ಮಿನಿಯಾಪೊಲಿಸ್‌ನಲ್ಲೂ ಇದ್ದಾರೆ. ನಮ್ಮ ಪಾಲಿಗೆ ಬಂದವರು ಇವರು. ಹೊಸದಾಗಿ ಬಂದ ಸಂಸಾರದ ಸೂಟ್‌ಕೇಸು ಬಿಚ್ಚುವ ಮೊದಲೇ ರಾಯರ ಫೋನು ಬಂದಿರುತ್ತದೆ. “ಹತ್ತಿ ಬಟ್ಟೆ ಮುಟ್ಟಲೇಬೇಡಿ. ಬೆವರು ಹೀರಿ, ಒದ್ದೆಯಾಗಿ, ಮೈ ಬಿಸಿಯೆಲ್ಲ ಎಳೆದುಬಿಡುತ್ತೆ. ಉಣ್ಣೆ ಹಾಕಿ, ಪದರ ಪದರವಾಗಿ ಹಾಕಿ. ರಾತ್ರಿ ಅಡುಗೆಮನೆ ನಲ್ಲಿ ಹನಿ ಹನಿ ಬಿಟ್ಟಿರಿ, ಪೈಪು ಒಡೆದೀತು. ಕಾರಿನಲ್ಲಿ ಸಲಿಕೆ ಇದೆಯೋ? ಇಲ್ಲವೋ? ಅಯ್ಯೋ ದೇವರೇ!” ಆ ‘ಅಯ್ಯೋ ದೇವರೇ’ಯಲ್ಲಿರುವ ಆನಂದ ಕೇಳಿದವರಿಗೇ ಗೊತ್ತು.

ಹಿಮದ ವಿಷಯದಲ್ಲಿ ರಾಯರದು ರವೆಯ ಸಿದ್ಧಾಂತ. ಕೊರೆಯುವ ಚಳಿಯಲ್ಲಿ ಬೀಳುವ ಒಣಹಿಮ ಚಿರೋಟಿ ರವೆ, ಉಫ್ ಎಂದರೆ ಹಾರುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಬೀಳುವುದು ಬನ್ಸಿ ರವೆ. ಮಾರ್ಚಿನ ನೀರುಹಿಮ ಇದೆಯಲ್ಲ, ಅದು ಆಗಲೇ ಬೆಂದ ಉಪ್ಪಿಟ್ಟು; ಸಲಿಕೆಯಲ್ಲಿ ಎತ್ತಿದರೆ ಸೊಂಟ ಹೋಗುತ್ತದೆ. ಸಿದ್ಧಾಂತ ಹೇಳುವವರು ರಾಯರು, ಸಲಿಕೆ ಹಿಡಿಯುವುದು ಹೆಚ್ಚಾಗಿ ಅವರ ಶ್ರೀಮತಿ.

ಭಾನುವಾರ ಬೆಳಿಗ್ಗೆ ಮೈಸೂರಿಗೆ ವಿಡಿಯೊ ಕರೆ. ಆ ಕಡೆ ಮಾವನವರು ಮಂಗನ ಟೋಪಿ, ಸ್ವೆಟರು, ಅದರ ಮೇಲೆ ಶಾಲು. “ಹದಿನಾರು ಡಿಗ್ರಿ ಅಳಿಯಂದಿರೇ, ತಡೆಯಕ್ಕಾಗ್ತಿಲ್ಲ.” ರಾಯರು ಆ ಗಳಿಗೆಗೆಂದೇ ಟೀ ಶರ್ಟಿನಲ್ಲಿ ಹಿಮ ತುಂಬಿದ ಜಗಲಿಗೆ ಹೋಗಿ ನಿಲ್ಲುತ್ತಾರೆ. “ಇದೂ ಒಂದು ಚಳಿಯೇನ್ರೀ ಮಾವ? ಇಲ್ಲಿ ಇವತ್ತು ಮೈನಸ್ ಎಂಟು. ಸ್ವಲ್ಪ ಸೆಕೆ.” ಕರೆ ಮುಗಿದ ಮೇಲೆ ಒಳಗೆ ಓಡಿಬಂದು ಸೌದೆ ಒಲೆಗೆ ಬೆನ್ನು ಕೊಟ್ಟು ಅರ್ಧ ಗಂಟೆ ನಿಲ್ಲುತ್ತಾರೆಂದು ಶ್ರೀಮತಿಯವರೇ ಹೇಳಿದ್ದು.

ಇಲ್ಲಿಯವರು ಚಳಿಯೆಂದು ಗೊಣಗಿದರೆ ಬೇರೆ ಅಸ್ತ್ರವಿದೆ. “1933ರ ಡಿಸೆಂಬರ್ 30, ಬ್ಲೂಮ್‌ಫೀಲ್ಡ್. ಸೊನ್ನೆಗಿಂತ ಕೆಳಗೆ 50 ಡಿಗ್ರಿ ಫ್ಯಾರನ್‌ಹೀಟ್. ಅದು ಚಳಿ!” ವರ್ಮಾಂಟಿನ ದಾಖಲೆ ಅದೇ, ಸುಳ್ಳಲ್ಲ. ಆದರೆ ಥರ್ಮಾಮೀಟರನ್ನು ಅವತ್ತು ತಾವೇ ಹಿಡಿದುಕೊಂಡಿದ್ದ ಧಾಟಿಯಲ್ಲಿ ಹೇಳುತ್ತಾರೆ.

ಇಷ್ಟೆಲ್ಲ ತಿಳಿದವರ ಮೇಲೆ ಚಳಿಗಾಲಕ್ಕೆ ಏನೋ ಹಳೆಯ ಹಗೆ. ದೊಡ್ಡ ಬಿರುಗಾಳಿಗಳಲ್ಲಿ ಅವರು ಎಂದೂ ಸಿಕ್ಕಿಬಿದ್ದಿಲ್ಲ. ಸಿಕ್ಕಿಬೀಳುವುದೆಲ್ಲ ಚಿಲ್ಲರೆ ವಿಷಯಗಳಲ್ಲಿ. ಅವರೆಕಾಳಿನ ಕತೆಯನ್ನೇ ನೋಡಿ. ಇಂಡಿಯನ್ ಅಂಗಡಿಯಿಂದ ಹಿತಕಿದ ಅವರೆಕಾಳಿನ ಪೊಟ್ಟಣಗಳನ್ನು ಡಜನ್‌ಗಟ್ಟಲೆ ತಂದು ಗ್ಯಾರೇಜಿನ ಹಳೆಯ ಫ್ರಿಜ್ಜಿನ ಫ್ರೀಜರಿನಲ್ಲಿ ತುಂಬಿದ್ದರು. ನವೆಂಬರ್ ಬಂತು, ಹೊರಗೆ ಚಳಿ ಏರಿತು, ಒಳಗೆ ಅವರೆಕಾಳು ಕರಗಿ ನೀರಾಯಿತು. ಈ ಫ್ರಿಜ್ಜುಗಳು ಶಾಖ ಅಳೆಯುವುದು ಕೆಳಗಿನ ಖಾನೆಯಲ್ಲಿ. ಗ್ಯಾರೇಜೇ ಅಷ್ಟು ತಣ್ಣಗಾದ ಮೇಲೆ ತನಗೇನು ಕೆಲಸವೆಂದು ಕಂಪ್ರೆಸರ್ ಮಲಗಿಬಿಡುತ್ತದೆ. ಮೇಲಿನ ಫ್ರೀಜರನ್ನು ಕೇಳುವವರಿಲ್ಲ. ಚಳಿಯಿಂದಾಗಿ ಐಸು ಕರಗಿತು ಎಂಬುದನ್ನು ಒಪ್ಪಲು ರಾಯರಿಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ನಮಗೆಲ್ಲ ಫೋನು: “ಗ್ಯಾರೇಜಿನಲ್ಲಿ ಫ್ರಿಜ್ ಇಟ್ಟಿದ್ದೀರೇನ್ರೀ? ನಾನು ಮೊದಲೇ ಹೇಳಿರಲಿಲ್ಲವೇ?” ಹೇಳಿರಲಿಲ್ಲ. ಊಟಕ್ಕೆ ಮಾತ್ರ ಕರೆದರು; ಆ ವಾರವಿಡೀ ಅವರ ಮನೆಯಲ್ಲಿ ಹಿತಕಿದ ಬೇಳೆ ಹುಳಿ, ಹಿತಕಿದ ಬೇಳೆ ಉಪ್ಪಿಟ್ಟು.

ಜನವರಿಯ ಒಂದು ನಡುರಾತ್ರಿ ಮನೆ ಅದುರುವಂತೆ ‘ಧಡ್’ ಎಂದಿತಂತೆ. ಛಾವಣಿ ಬಿತ್ತೆಂದು ರಾಯರು ಕಂಬಳಿ ಸಮೇತ ಮೆಟ್ಟಿಲಿಳಿದರು. ಛಾವಣಿ ಅಲ್ಲೇ ಇತ್ತು. ನೆಲದೊಳಗಿನ ನೀರು ದಿಢೀರನೆ ಹೆಪ್ಪುಗಟ್ಟಿ, ಹಿಗ್ಗಲು ಜಾಗವಿಲ್ಲದೆ ಭೂಮಿಯೇ ಬಿರಿದ ಸದ್ದು ಅದು. ಬೆಳಿಗ್ಗೆ ಕಾರಣ ಓದಿಕೊಂಡು, ಸಂಜೆಗೆ ಭೂಗರ್ಭಶಾಸ್ತ್ರಜ್ಞರಾಗಿದ್ದರು.

ಆ ವರ್ಷವೇ ಅತ್ತೆಯವರು ಬಂದಿದ್ದರು. ಹೀಟರು ಉರಿಯುವ ಮನೆಯ ಗಾಳಿ ಒಣಗಿರುತ್ತದೆ. ಕಾರ್ಪೆಟ್ಟಿನ ಮೇಲೆ ಉಣ್ಣೆಯ ಕಾಲುಚೀಲದಲ್ಲಿ ನಡೆದು ಲೋಹ ಮುಟ್ಟಿದರೆ ಚಟ್ಟನೆ ಕಿಡಿ. ಅತ್ತೆ ಸ್ನಾನ ಮುಗಿಸಿ, ಭಕ್ತಿಯಿಂದ ದೇವರಮನೆಯ ಹಿತ್ತಾಳೆ ಗಂಟೆಗೆ ಕೈಹಾಕಿದರು. ಚಟ್! “ಜಾಗೃತ ಸ್ಥಾನ ಕಣಪ್ಪ ಇದು” ಎಂದು ಅಡ್ಡಬಿದ್ದವರು ಏಳಲಿಲ್ಲ. ರಾಯರು ವಿದ್ಯುತ್ತಿನ ಪಾಠ ಶುರುಮಾಡಿ, ಒತ್ತಿ ಹೇಳುವ ಭರದಲ್ಲಿ ತಾವೂ ಗಂಟೆ ಮುಟ್ಟಿದರು. ಇನ್ನೊಂದು ಚಟ್. “ನಿಮಗೂ ಒಲಿದ ನೋಡಿ” ಎಂದರು ಅತ್ತೆ. ಹಾಗೆ ನೋಡಿದರೆ ರಾಯರ ಜೊತೆಗಿನ ವಾದದಲ್ಲಿ ಗೆದ್ದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಪಕ್ಕದ ಜಮೀನಿನ ಅಜ್ಜ ವಾದಕ್ಕೆ ಬರುವವರೇ ಅಲ್ಲ. ಎಂಬತ್ತು ದಾಟಿದೆ, ಆಯುಷ್ಯವೆಲ್ಲ ಹಸು ಕಟ್ಟಿದವರು. ರಾಯರು ಬೇಲಿಯ ಬಳಿ ಹವಾಮಾನದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರೆ ಅಜ್ಜನ ಉತ್ತರ ‘ಹೂಂ’. ಫೆಬ್ರವರಿಯ ಕೊನೆಗೆ ಬಿಸಿಲು ಬಿದ್ದ ಒಂದು ದಿನ ರಾಯರ ಅಂಗಳದ ಹಿಮದ ಮೇಲೆಲ್ಲ ಕಪ್ಪು ಪುಡಿ ಉದುರಿತ್ತು. ಚಿಮಣಿಯ ಮಸಿಯೇ ಸರಿ ಎಂದುಕೊಂಡು, ಹಸಿ ಸೌದೆ ಕೊಟ್ಟನೆಂದು ಸೌದೆಯವನನ್ನೂ, ಒಲೆಗೆ ಸಿಕ್ಕಿದ್ದೆಲ್ಲ ತುರುಕುತ್ತೀಯೆಂದು ಶ್ರೀಮತಿಯನ್ನೂ ಬೈದಾಯಿತು. ಪೊರಕೆ ಹಿಡಿದು ಗುಡಿಸಲು ಬಗ್ಗಿದರೆ ಮಸಿ ನೆಗೆಯಿತು! ಇಷ್ಟಿಷ್ಟೇ ಗಾತ್ರದ ಹುಳುಗಳು, ಲಕ್ಷಗಟ್ಟಲೆ. ಹಿಮಚಿಗಟ ಅನ್ನುತ್ತಾರಾದರೂ ಚಿಗಟವಲ್ಲ, ಕಚ್ಚುವುದಿಲ್ಲ. ಎಲೆಗೊಬ್ಬರದಲ್ಲಿ ಬದುಕುವ ಪಾಪದ ಪ್ರಾಣಿ; ಹೊಟ್ಟೆಯಡಿಯ ಕವಲುಬಾಲವನ್ನು ಸ್ಪ್ರಿಂಗಿನಂತೆ ಬಿಡಿಸಿ ಹಾರುತ್ತದೆ, ಮೈಯೊಳಗೆ ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನೊಂದಿದೆ. ಬೇಲಿಯಾಚೆ ನಿಂತಿದ್ದ ಅಜ್ಜ ಇದನ್ನೆಲ್ಲ ನೋಡಿ, ಯಥಾಪ್ರಕಾರ ‘ಹೂಂ’ ಎಂದರು. ಆ ‘ಹೂಂ’ ಸ್ವಲ್ಪ ಉದ್ದವಾಗಿತ್ತೆಂದು ಶ್ರೀಮತಿಯವರ ಅಂಬೋಣ. ಸೌದೆಯವನ ಬಳಿ ಕ್ಷಮೆ ಕೇಳಿದರೋ ತಿಳಿಯದು. ಮನೆಯಲ್ಲಂತೂ ಕೇಳಿಲ್ಲ.

ರಾಯರ ಆರಾಧ್ಯದೈವ ಅದೇ ಜೆರಿಕೊದ ರೈತ ವಿಲ್ಸನ್ ಬೆಂಟ್ಲಿ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ, 1885ರಲ್ಲಿ ಹಿಮದ ಬಿಡಿ ಹರಳೊಂದರ ಚಿತ್ರ ತೆಗೆದ ಪುಣ್ಯಾತ್ಮ. ಜೀವಮಾನದಲ್ಲಿ 5,000ಕ್ಕೂ ಹೆಚ್ಚು ಚಿತ್ರ ತೆಗೆದರು. ಊರಿನ ಹಳೆಯ ಕೆಂಪು ಗಿರಣಿಯಲ್ಲಿ ಅವರ ವಸ್ತುಸಂಗ್ರಹವಿದೆ. ಬಂದ ಅತಿಥಿಗಳಿಗೆ ಕಾಫಿಗಿಂತ ಮೊದಲು ಅದರ ದರ್ಶನ. 1931ರ ಡಿಸೆಂಬರಿನಲ್ಲಿ ಬೆಂಟ್ಲಿ ಹಿಮಗಾಳಿಯಲ್ಲಿ ಮೈಲುಗಟ್ಟಲೆ ನಡೆದು ಮನೆಗೆ ಬಂದು, ನ್ಯುಮೋನಿಯಾ ಆಗಿ ತೀರಿಕೊಂಡರು ಎಂಬಲ್ಲಿಗೆ ಬರುವಾಗ ರಾಯರ ಗಂಟಲು ಕಟ್ಟುತ್ತದೆ. ಶ್ರೀಮತಿಯವರು ಆಗ ತಪ್ಪದೆ ಸೇರಿಸುತ್ತಾರೆ: “ಅಷ್ಟು ತಿಳಿದವರೇ ಹಾಗೆ ಮಾಡ್ಕೊಂಡ್ರು. ನೀವು ಟೀ ಶರ್ಟಲ್ಲಿ ಜಗಲಿಗೆ ಹೋಗೋದು ನಿಲ್ಸಿ.”

ಹಿಮ ಕರಗಿದರೂ ವರ್ಮಾಂಟಿನ ಚಳಿಗಾಲ ಮುಗಿಯುವುದಿಲ್ಲ. ಕೆಸರುಗಾಲವೆಂಬ ಬಾಲ ಇದೆ. ಈ ರಾಜ್ಯದ ಅರ್ಧಕ್ಕಿಂತ ಹೆಚ್ಚು ರಸ್ತೆಗಳು ಇವತ್ತಿಗೂ ಮಣ್ಣಿನವು. ಮೇಲಿನ ಮಣ್ಣು ಕರಗುತ್ತದೆ, ಅಡಿಯದು ಇನ್ನೂ ಕಲ್ಲಾಗಿರುತ್ತದೆ, ನೀರಿಗೆ ಇಳಿಯಲು ದಾರಿಯಿಲ್ಲದೆ ರಸ್ತೆಯೆಲ್ಲ ಗದ್ದೆ. ಕಳೆದ ಏಪ್ರಿಲಿನಲ್ಲಿ ಟೆಕ್ಸಸ್‌ನಿಂದ ಹೊಸ ಕನ್ನಡ ಸಂಸಾರವೊಂದು ಇಲ್ಲಿಗೆ ಬಂದಿತ್ತು. ರಾಯರ ಮನೆಗೆ ಊಟಕ್ಕೆ ಹೊರಡುವ ಮುನ್ನ ಆ ಹುಡುಗ ದಾರಿ ಕೇಳಲು ಫೋನು ಮಾಡಿದ. ರಾಯರು ಕಾರಿನಲ್ಲೇ ಇದ್ದರು. ಗಾಜಿಳಿಸಿ, ಎಡಗೈಯಿಂದ ಅಜ್ಜನಿಗೆ ಸರಪಳಿ ಎಲ್ಲಿ ಕಟ್ಟಬೇಕೆಂದು ತೋರಿಸುತ್ತ, ಟ್ರ್ಯಾಕ್ಟರಿನ ಸದ್ದನ್ನೂ ಮೀರುವಂತೆ ಹೇಳುತ್ತಿದ್ದರು:

“ಕಾರನ್ನ ಡಾಂಬರು ಮುಗಿಯೋ ಕಡೆನೇ ನಿಲ್ಲಿಸಿ, ನಡ್ಕೊಂಡು ಬನ್ನಿ. ಏಪ್ರಿಲಿನಲ್ಲಿ ಈ ರಸ್ತೆಗೆ ಬುದ್ಧಿ ಇರೋರು ಯಾರಾದ್ರೂ ಕಾರು ತರ್ತಾರೇನ್ರೀ?”