ಒಂದೇ ಫೈಲಿಗೆ ಮೂರು ಬಾಡಿಗೆ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಗಟ್ಟಿಮುಟ್ಟಾಗಿದ್ದ ಎಷ್ಟೋ ಕಂಪ್ಯೂಟರುಗಳು ಒಳಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇಲ್ಲವೆಂದು ವಿಂಡೋಸ್ 11ಕ್ಕೆ ನಾಲಾಯಕ್ಕಾದವು. ಜನ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸ ಲ್ಯಾಪ್‌ಟಾಪ್ ತಂದರು. ಹಳೆಯದು ಗುಜರಿಗೆ ಹೋಯಿತು, ಅದರೊಳಗಿನ ಸಂಸಾರ ಮಾತ್ರ ಎಲ್ಲೂ ಹೋಗಲಿಲ್ಲ.

ಹೊಸ ಯಂತ್ರ ಮೊದಲು ಕೇಳುವುದೇ ಅಕೌಂಟನ್ನು. ಕೊಟ್ಟಿರೋ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಮೈಕ್ರೋಸಾಫ್ಟಿನ ಕ್ಲೌಡ್ ಗೋದಾಮಾದ ಒನ್‌ಡ್ರೈವ್ ವಹಿಸಿಕೊಳ್ಳುತ್ತದೆ. ಬೇಡ ಅನ್ನುವ ಬಟನ್ ಎಲ್ಲಿದೆ ಎಂದು ಕನ್ನಡಕ ಹುಡುಕುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನೀವೇನು ಕಮ್ಮಿ? ಯಾವುದಕ್ಕೂ ಇರಲಿ ಅಂತ ಹಳೆಯ ಡಾಕ್ಯುಮೆಂಟ್ಸನ್ನು ಪೆನ್‌ಡ್ರೈವಿನಲ್ಲಿ ತಂದು ಅದರ ಮೇಲೇ ಸುರಿದಿರುತ್ತೀರಿ. ಇತ್ತ ಗೂಗಲ್ ಡ್ರೈವು, ಬ್ಯಾಕಪ್ ಹಾಕಿದ್ದವರ ಹಳೆಯ ಯಂತ್ರದ ಫೋಲ್ಡರುಗಳನ್ನೆಲ್ಲ ‘ಕಂಪ್ಯೂಟರ್ಸ್’ ಎಂಬ ಮೂಲೆಯಲ್ಲಿ ಹಾಗೇ ಇಟ್ಟುಕೊಂಡು ಕೂತಿರುತ್ತದೆ.

ಇನ್ನು ಇ-ಆಧಾರ್. ಬ್ಯಾಂಕಿಗೊಮ್ಮೆ, ಸಿಮ್ಮಿಗೊಮ್ಮೆ, ಗ್ಯಾಸಿಗೊಮ್ಮೆ ಇಳಿಸಿಕೊಂಡ ಒಂದೇ ಪಿಡಿಎಫ್, ಬಾಲಕ್ಕೆ ಆವರಣದಲ್ಲಿ ಒಂದು, ಎರಡು, ಮೂರು ಅಂಟಿಸಿಕೊಂಡು ಸಾಲಾಗಿ ನಿಂತಿರುತ್ತದೆ. ಒಬ್ಬ ವ್ಯಕ್ತಿಗೆ ಒಂದೇ ಗುರುತು ಎಂದು ಸರ್ಕಾರ ಪಟ್ಟು ಹಿಡಿದ ದಾಖಲೆಗೆ ನಮ್ಮ ಮನೆಯಲ್ಲಿ ಬಂದ ಗತಿ ಇದು.

ಎರಡು ಯಂತ್ರಗಳ ಒಂದೇ ಫೈಲು ಡಿಕ್ಕಿ ಹೊಡೆದರೆ ಒನ್‌ಡ್ರೈವ್ ಒಂದರ ಹೆಸರಿನ ಹಿಂದೆ ಅಡ್ಡಗೆರೆ ಎಳೆದು ಕಂಪ್ಯೂಟರಿನ ಹೆಸರನ್ನು ಸಿಕ್ಕಿಸಿ ಕೈತೊಳೆದುಕೊಳ್ಳುತ್ತದೆ. ಇದೇ ಸೇವೆಗೆ ಮೊದಲು ಸ್ಕೈಡ್ರೈವ್ ಎಂಬ ಹೆಸರಿತ್ತು. ಬ್ರಿಟನ್ನಿನ ಟಿವಿ ಕಂಪನಿ ‘ಸ್ಕೈ’ ನಮ್ಮದು ಎಂದು ಕೋರ್ಟಿಗೆ ಹೋಗಿ ಗೆದ್ದ ಮೇಲೆ 2014ರಲ್ಲಿ ಹೆಸರೇ ಬದಲಾಯಿತು. ದೊಡ್ಡವರ ಹೆಸರು ಡಿಕ್ಕಿಯಾದರೆ ನ್ಯಾಯಾಧೀಶರು ಬೇಕು. ನಮ್ಮ ನಿಮ್ಮದಾದರೆ ಒಂದು ಅಡ್ಡಗೆರೆ ಸಾಕು.

ಅಸಲಿ ಯಾವುದು ಎಂದು ತಾರೀಖು ನೋಡಿ ಹೇಳೋಣವೆಂದರೆ ಅಲ್ಲೂ ತಮಾಷೆ. ವಿಂಡೋಸಿನಲ್ಲಿ ಫೈಲನ್ನು ಕಾಪಿ ಮಾಡಿದರೆ ತಿದ್ದಿದ ದಿನ ಹಳೆಯದೇ ಇರುತ್ತದೆ, ಹುಟ್ಟಿದ ದಿನ ಮಾತ್ರ ಇವತ್ತಿನದಾಗುತ್ತದೆ. ಹುಟ್ಟುವ ಆರು ವರ್ಷ ಮೊದಲೇ ತಿದ್ದುಪಡಿಯಾದ ದಾಖಲೆ ತಾಲ್ಲೂಕು ಕಚೇರಿಯಲ್ಲೂ ಸಿಗಲಾರದು.

ಕಂಪನಿಗಳಿಗೆ ನಕಲು ಗುರುತಿಸಲು ಬರುವುದಿಲ್ಲವೆಂದು ಮರುಗಬೇಡಿ. ಡ್ರಾಪ್‌ಬಾಕ್ಸ್ ತನ್ನ ಆರಂಭದ ವರ್ಷಗಳಲ್ಲಿ, ಹತ್ತು ಜನ ಒಂದೇ ಫೈಲು ಹಾಕಿದರೆ ತನ್ನಲ್ಲಿ ಒಂದೇ ಪ್ರತಿ ಇಟ್ಟುಕೊಳ್ಳುತ್ತಿತ್ತು, ಜಾಗದ ಲೆಕ್ಕವನ್ನು ಮಾತ್ರ ಹತ್ತೂ ಜನರ ತಲೆಗೆ ಬರೆಯುತ್ತಿತ್ತು. ವಿದ್ಯೆ ಉಂಟು, ಅದು ಗೋದಾಮಿನ ಒಳಗಡೆಗೆ ಮೀಸಲು. ನಮ್ಮ ಕಡೆ ಬಿಟ್ಟಿ ಜಾಗ ಒನ್‌ಡ್ರೈವಿನಲ್ಲಿ 5 ಜಿಬಿ, ಗೂಗಲ್‌ನಲ್ಲಿ ಮೇಲ್, ಫೋಟೋ ಎಲ್ಲ ಸೇರಿ 15 ಜಿಬಿ. ತಂಗಿಯ ಮದುವೆ ಆಲ್ಬಮ್ಮು ಮೂರು ಕಡೆ ಕಾಲು ಚಾಚಿ ಮಲಗಿದರೆ ಜಿಮೇಲಿಗೆ ಪತ್ರ ಬರುವುದೇ ನಿಲ್ಲುತ್ತದೆ. ಬರುವುದೊಂದೇ, ಜಾಗ ಕೊಳ್ಳಿ ಎಂಬ ಸೂಚನೆ. ನೀವು ಕೊಳ್ಳುತ್ತೀರಿ. ತಿಂಗಳ ಬಾಡಿಗೆ ಕಟ್ಟಿಸಿಕೊಂಡವರು ನಕಲು ತೆಗೆದುಹಾಕಿ ಎಂದು ಮನೆ ಬಾಗಿಲಿಗೆ ಬಂದು ಹೇಳುತ್ತಾರೆಯೇ?

ಆಗ ಮಗನಿಗೆ ಫೋನು. ‘ಅಪ್ಪಾ, ಎಲ್ಲಾ ಕ್ಲೌಡಲ್ಲಿದೆ, ಲ್ಯಾಪ್‌ಟಾಪಲ್ಲಿರೋದನ್ನ ಡಿಲೀಟ್ ಮಾಡ್ಬಿಡಿ.’ ಅಪ್ಪ ಮಾಡುತ್ತಾರೆ. ಸಿಂಕ್ ಎಂಬುದು ಸರ್ಕಾರಿ ಕಡತದಂತಲ್ಲ, ತಕ್ಷಣ ವಿಲೇವಾರಿ: ಇಲ್ಲಿ ಅಳಿಸಿದ್ದು ಮೇಲೂ ಅಳಿಯಿತು, ಫೋನಿನಲ್ಲೂ ಅಳಿಯಿತು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಈ ಮಾತನ್ನು ಜಾಹೀರಾತಿನಲ್ಲಿ ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಹಾಗಾಗಿ, ಸ್ವಾಮಿ, ಯಾವುದನ್ನೂ ಮುಟ್ಟುವ ಮೊದಲು ಸಿಂಕ್ ನಿಲ್ಲಿಸಿ. ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿ, ಅದನ್ನು ಬೀರುವಿನಲ್ಲಿಡಿ. ಹೆಸರು, ತಾರೀಖು ನಂಬಬೇಡಿ. ಒಳಗಿನ ಅಕ್ಷರ ಅಕ್ಷರ ಹೋಲಿಸಿ ನೋಡುವ ತಂತ್ರಾಂಶಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಒಂದು ಕಂಪನಿಯನ್ನು ಇಟ್ಟುಕೊಂಡು ಉಳಿದವರ ಬಾಡಿಗೆ ನಿಲ್ಲಿಸಿ. ಮತ್ತೆ, ಈಗಾಗಲೇ ಮಗನ ಮಾತು ಕೇಳಿದ್ದೀರಾದರೆ ಬೇಗ ಹೋಗಿ ಕಸದ ಬುಟ್ಟಿ ನೋಡಿ. ಗೂಗಲ್ ಡ್ರೈವಿನದು 30 ದಿನಕ್ಕೆ ತಾನಾಗಿ ಖಾಲಿಯಾಗುತ್ತದೆ.