ಪ್ರಶಾಂತತೆಯ ಬಾಡಿಗೆ: ಒಂದು ಬಂಗಲೆಯೊಡನೆ ಸಂದರ್ಶನ

ಶರದೃತು ಬಂದಿತೆಂದರೆ ನಗರವಾಸಿಗಳ ಚಿತ್ತವು ಹಳ್ಳಿಗಾಡಿನತ್ತ ಹರಿಯುವುದು ಈಚಿನ ದಿನಗಳಲ್ಲಿ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ದಸರೆಯ ರಜೆ ದೊರೆತೊಡನೆ, ಮಳೆ ತೊಳೆದ ಆಕಾಶವನ್ನೂ ತೆನೆಗಟ್ಟುತ್ತಿರುವ ರಾಗಿಯನ್ನೂ ಅದರ ನಡುವಣ ಸಾಲುಗಳಲ್ಲಿ ಹಳದಿಯಾಗಿ ಅರಳಿದ ಹುಚ್ಚೆಳ್ಳನ್ನೂ ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ಅವರು ಯಾವುದಾದರೊಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ತಂಗುತ್ತಾರೆ. ಇಂಥ ಮನೆಗಳ ಗುಣದೋಷಗಳನ್ನು ಅತಿಥಿಗಳು ಸವಿಸ್ತಾರವಾಗಿ ವಿವೇಚಿಸುವುದುಂಟು; ಅತಿಥಿಗಳ ಗುಣದೋಷಗಳನ್ನು ಕುರಿತು ಮನೆಗಳ ಅಭಿಪ್ರಾಯವೇನೆಂದು ವಿಚಾರಿಸಿದವರು ಮಾತ್ರ ವಿರಳ. ಈ ನ್ಯೂನತೆಯನ್ನು ಪರಿಹರಿಸುವ ಸಲುವಾಗಿ, ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂ ಬಳಿಯಲ್ಲಿ, ಒಂದಾನೊಂದು ಕಾಲಕ್ಕೆ ಗಣಿಯ ದೊರೆಯೊಬ್ಬನ ನಿವಾಸವಾಗಿದ್ದು ಈಗ ವಿಹಾರಗೃಹವೆನಿಸಿರುವ ಬಂಗಲೆಯೊಂದನ್ನು ಕಲ್ಪಿಸಿಕೊಂಡು, ಅದರ ಜಗಲಿಯಲ್ಲಿಯೇ ಕುಳಿತು ಮಾತನಾಡಿಸಿದೆವು.

ಪ್ರಶ್ನೆ: ತಮ್ಮ ಪೂರ್ವೋತ್ತರವನ್ನು ತಿಳಿಸಬಹುದೇ?

ಬಂಗಲೆ: ಅಗತ್ಯವಾಗಿ, ಸ್ವಾಮಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇಲ್ಲಿಯ ಗಣಿಗಾರಿಕೆಗೆ ಕೈಹಾಕಿದ ತರುವಾಯ, ಕಾರ್ನ್‌ವಾಲ್ ಮೊದಲಾದ ಕಡೆಗಳಿಂದ ಬಂದ ದೊರೆಗಳಿಗಾಗಿ ಎದ್ದ ಮನೆಗಳ ಪೈಕಿ ನಾನೂ ಒಬ್ಬ. ಪರದೇಶಕ್ಕೆ ಬಂದರೂ ಸ್ವದೇಶದಲ್ಲಿಯೇ ಇದ್ದಂತಿರಬೇಕೆಂಬುದು ಅವರ ಅಪೇಕ್ಷೆಯಾಗಿದ್ದುದರಿಂದ, ನನಗೆ ಅಗ್ಗಿಷ್ಟಿಕೆಯೂ ಗುಲಾಬಿಯ ತೋಟವೂ ಪ್ರಾಪ್ತವಾದುವು. ಊರಿಗೆ ಕ್ಲಬ್ಬೂ ಗಾಲ್ಫ್ ಮೈದಾನವೂ ಬಂದುವು. ಕೂಲಿಗಾರರಿಗೆ ಬಿದಿರು ತಡಿಕೆಯ ಲೈನುಗಳು ದೊರೆತುವು. ಸಮಗ್ರವಾಗಿ ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರು. ಕರೆದವರು ಯಾರೂ ಲೈನುಗಳಲ್ಲಿ ವಾಸವಿದ್ದವರಲ್ಲ.

ಪ್ರಶ್ನೆ: ಆ ದೊರೆಗಳು ವಿರಾಮಕಾಲವನ್ನು ಹೇಗೆ ಕಳೆಯುತ್ತಿದ್ದರು?

ಬಂಗಲೆ: ಪಾಲಾರ್ ನದಿಯ ನೀರು ನಿಲ್ಲುವ ಬೇತಮಂಗಲದ ಕೆರೆಗೆ ಹೋಗಿ ದೋಣಿ ವಿಹಾರ ಮಾಡುತ್ತಿದ್ದರು. ಗಣಿಯೂರಿಗೆ ನೀರು ಬರುತ್ತಿದ್ದುದೂ ಆ ಕೆರೆಯಿಂದಲೇ. ಚಾಂಪಿಯನ್ ರೀಫಿನ ಗಣಿ ಕಟ್ಟಕಡೆಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತಲ್ಲವೇ, ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿಯನ್ನು ಮೀರುತ್ತಿತ್ತು. ಹೀಗೆ ಕೆಲವರು ನೀರಿನ ಮೇಲೆ ತೇಲುವುದಕ್ಕೂ ಹಲವರು ಬೆವರಿನಲ್ಲಿ ಮುಳುಗುವುದಕ್ಕೂ ಕಂಪನಿಯವರು ನಿಷ್ಪಕ್ಷಪಾತವಾಗಿ ಏರ್ಪಾಡು ಮಾಡಿದ್ದರು.

ಪ್ರಶ್ನೆ: ಇಂದಿನ ಅತಿಥಿಗಳ ವಿಷಯದಲ್ಲಿ ತಮ್ಮ ಅನುಭವ?

ಬಂಗಲೆ: ಸಜ್ಜನರು. ಬಂಗಾರಪೇಟೆಯಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಯ ಪ್ರಖ್ಯಾತ ಪಾನಿಪೂರಿಯನ್ನು ತಿಂದು, ನೀರಿನಷ್ಟೇ ತಿಳಿಯಾಗಿ ಕಾಣುವ ಆ ಪಾನಿಯಲ್ಲಿ ಅಷ್ಟು ಖಾರ ಅಡಗಿದ್ದ ಬಗೆಯನ್ನು ಚರ್ಚಿಸುತ್ತ ಕಣ್ಣೊರೆಸಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು, "ಇಲ್ಲಿ ಕರೆಂಟು ಸರಿಯಾಗಿರುತ್ತದೆಯೇ?" ಎಂದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಈ ಗಣಿಗಳಿಗೆ ಬಂದಿತೆಂದೂ, ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲೆಂದೂ ಹೇಳಿಬಿಡೋಣವೆನಿಸುತ್ತದೆ. ಬಾಡಿಗೆ ಕೊಡುವವರೊಡನೆ ಚರಿತ್ರೆಯನ್ನು ಮಾತನಾಡಬಾರದೆಂದು ಸುಮ್ಮನಾಗುತ್ತೇನೆ. ಕೆರೆ ತುಂಬಿರುವುದನ್ನು ನೋಡಿ ಪುಳಕಿತರಾಗುವವರೂ ಉಂಟು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದಾಗಿ, ಬೆಂಗಳೂರಿನವರು ಬಳಸಿಬಿಟ್ಟ ನೀರು ಸಂಸ್ಕರಿತವಾಗಿ 2018ರಿಂದ ಕೋಲಾರ ಜಿಲ್ಲೆಯ ಅನೇಕ ಕೆರೆಗಳನ್ನು ಸೇರುತ್ತಿದೆ. ದಾರಿಯಲ್ಲಿ ಅಂಥ ಕೆರೆಯೊಂದರ ದಡದಲ್ಲಿ ನಿಂತು ನಿಸರ್ಗದ ಮಹಿಮೆಯನ್ನು ಕೊಂಡಾಡುವವರು, ತಮ್ಮದೇ ಬಚ್ಚಲಿನ ಮಹಿಮೆಯನ್ನು ಕೊಂಡಾಡುತ್ತಿರಲೂಬಹುದು.

ಪ್ರಶ್ನೆ: ತಮ್ಮ ಹಿತ್ತಲಿನಿಂದ ಕಾಣುವ ಆ ಬೋಳು ಬೆಟ್ಟಗಳು ಸಂಧ್ಯಾಕಾಲದಲ್ಲಿ ಅತಿ ರಮಣೀಯವೆಂದು ಕೇಳಿದ್ದೇವೆ.

ಬಂಗಲೆ: ಅವು ಬೆಟ್ಟಗಳಲ್ಲ, ಸ್ವಾಮಿ, ಸೈನೈಡ್ ಗುಡ್ಡಗಳು. ಅದಿರನ್ನು ಅರೆದು, ಸೈನೈಡಿನಲ್ಲಿ ನೆನೆಯಿಸಿ, ಚಿನ್ನವನ್ನು ಸೆಳೆದುಕೊಂಡ ಮೇಲೆ ಉಳಿದ ಹುಡಿ. ಒಟ್ಟು ಸುಮಾರು 800 ಟನ್ ಚಿನ್ನ ಇಲ್ಲಿಂದ ಹೊರಟಿತೆಂದು ಹೇಳುತ್ತಾರೆ. ಚಿನ್ನ ಹೊರಗಿನವರಿಗೆ, ಹುಡಿ ಊರಿನವರಿಗೆ ಎಂದು ವಿಭಾಗವಾಯಿತು. ಬೇಸಗೆಯ ಗಾಳಿಗೆ ಅದು ಮನೆಮನೆಯ ಅಡುಗೆಯೊಳಕ್ಕೂ ಬರುತ್ತದೆ. ಹಿಂಗಾರಿನ ಮಳೆ ಧೂಳನ್ನು ಅಡಗಿಸಿರುವಾಗ ಆಗಮಿಸುವ ತಮ್ಮಂಥವರು, "ಇಲ್ಲಿಯ ಗಾಳಿ ಎಷ್ಟು ನಿರ್ಮಲ!" ಎಂದು ಉಸಿರೆಳೆದುಕೊಳ್ಳುತ್ತೀರಿ. ಶರದೃತುವಿನ ಕೃಪೆ.

ಪ್ರಶ್ನೆ: ಏನೇ ಇರಲಿ, ಇಲ್ಲಿಯ ಪ್ರಶಾಂತತೆ ಬೇರೆಲ್ಲಿಯೂ ದೊರೆಯದು. ಇದರ ರಹಸ್ಯವೇನು?

ಬಂಗಲೆ: ರಹಸ್ಯವೇನೂ ಇಲ್ಲ. ಹಿಂದೆ ಇಲ್ಲಿ ಪಾಳಿ ಪಾಳಿಗೂ ಸೈರನ್ ಕೂಗುತ್ತಿತ್ತು. ಅದಿರು ಕುಟ್ಟುವ ಯಂತ್ರಗಳ ಸದ್ದಿಗೆ ಹಗಲಿರುಳೆಂಬ ಭೇದವಿರಲಿಲ್ಲ. ಒಮ್ಮೊಮ್ಮೆ ಭೂಗರ್ಭದಲ್ಲಿ ಬಂಡೆ ಸಿಡಿದು, ಹಳಬರು ಏರ್‌ಬ್ಲಾಸ್ಟ್ ಎನ್ನುತ್ತಿದ್ದ ಆ ಆಘಾತಕ್ಕೆ ನನ್ನ ಗೋಡೆಗಳು ಬಿರಿಯುತ್ತಿದ್ದುವು. ಲೈನುಗಳ ಹೆಂಗಸರು ಕೈಯ ಕೆಲಸವನ್ನು ಹಾಗೆಯೇ ಬಿಟ್ಟು, ಕೆಳಗಿದ್ದ ಪಾಳಿ ಯಾರದೆಂದು ಕೇಳುತ್ತ ಶಾಫ್ಟಿನತ್ತ ಓಡುತ್ತಿದ್ದರು. 1956ರಲ್ಲಿ ಗಣಿ ಸರ್ಕಾರದ್ದಾಯಿತು. ಸದ್ದು ಮಾತ್ರ ಹಾಗೆಯೇ ಮುಂದುವರಿಯಿತು. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ತಾವು ದಿನಕ್ಕಿಷ್ಟೆಂದು ತೆತ್ತು ಅನುಭವಿಸುತ್ತಿರುವ ಪ್ರಶಾಂತತೆ ತಯಾರಾದುದು ಅಂದಿನಿಂದ. ಸಾವಿರಾರು ಮಂದಿ ಕೆಲಸ ಕಳೆದುಕೊಂಡ ಹೊರತು ಇಷ್ಟು ಉತ್ತಮ ದರ್ಜೆಯ ನಿಶ್ಶಬ್ದ ಉತ್ಪನ್ನವಾಗದು.

ಪ್ರಶ್ನೆ: ಊರಿನ ಜನರಿಗಾದರೋ ಇದು ಉಚಿತವಾಗಿಯೇ ಲಭ್ಯವಲ್ಲವೇ?

ಬಂಗಲೆ: ಲಭ್ಯವೇನೋ ಹೌದು, ಅನುಭವಿಸಲು ಅವರು ಊರಿನಲ್ಲಿರಬೇಕಷ್ಟೆ. ಗಣಿಗಾಗಿ 1894ರಲ್ಲಿ ಆದ ರೈಲುಮಾರ್ಗದಲ್ಲಿ ಈಗ ಮಾರಿಕುಪ್ಪಂನಿಂದ, ಬಂಗಾರಪೇಟೆಯ ಮೂಲಕ, ಬೆಂಗಳೂರಿಗೆ ಸಾಗುತ್ತಿರುವುದು ಆಳುಗಳು. ಬೆಳಕು ಹರಿಯುವ ಮುನ್ನ ಬುತ್ತಿ ಕಟ್ಟಿಕೊಂಡು ಹೊರಟವರು ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅಲ್ಲಿ ತಮ್ಮ ಕಚೇರಿಗಳನ್ನು ಗುಡಿಸಿ, ಕಾವಲು ಕಾದು, ಲೆಕ್ಕ ಬರೆದು ದಣಿಯುವವರು ಇವರು. ಆ ದಣಿವನ್ನು ಆರಿಸಿಕೊಳ್ಳಲು ಇಲ್ಲಿಗೆ ಬರುವವರು ತಾವು. ಶ್ರಮವಿಭಾಗವೆಂದರೆ ಇದೇ ಇರಬೇಕು.

ಪ್ರಶ್ನೆ: ಆ ಗುಡ್ಡಗಳಲ್ಲಿ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯದ ಸಚಿವ ಸಂಪುಟ ಸಮ್ಮತಿಸಿತೆಂದು ಓದಿದ್ದೇವೆ. ಯಂತ್ರಗಳು ಮತ್ತೆ ಬಂದಲ್ಲಿ ದೃಶ್ಯವೂ ಕೆಡುವುದು, ಗದ್ದಲವೂ ಆಗುವುದು. ತಮಗೆ ಆತಂಕವಿಲ್ಲವೇ?

ಬಂಗಲೆ: ಗದ್ದಲವಾದರೆ ತಾವು ಬರುವಿರಾ, ಸ್ವಾಮಿ?

ಪ್ರಶ್ನೆ: ಬರಬಹುದು, ಬಾಡಿಗೆಯನ್ನು ಅರ್ಧಕ್ಕೆ ಇಳಿಸಿದರೆ.

ಬಂಗಲೆ: ಹಾಗಿದ್ದರೆ ಕೇಳಿ. ನನಗೆ ದೇವರಲ್ಲಿ ನಂಬಿಕೆ ಕಡಿಮೆ. ಗುತ್ತಿಗೆದಾರರಲ್ಲಿ ಇನ್ನೂ ಕಡಿಮೆ. ಆದರೂ ಮುಂಜಾನೆಯ ಆ ರೈಲು ಇಲ್ಲಿಂದ ಹೊರಡುವಾಗ ಒಂದು ದಿನವಾದರೂ ಅರ್ಧ ಖಾಲಿಯಾಗಿ ಹೋಗಲಿ, ನನ್ನ ಬಾಡಿಗೆ ಕಾಲುಪಾಲಿಗೆ ಇಳಿದರೂ ಇಳಿಯಲಿ ಎಂದು ಪ್ರಾರ್ಥಿಸುತ್ತಿದ್ದೇನೆ. ಇದನ್ನು ಅಚ್ಚುಹಾಕಿಸಿ, ನನ್ನ ಮಾಲೀಕರಿಗೆ ಮಾತ್ರ ತೋರಿಸಬೇಡಿ.